ಇಂಟೆಲ್‌ಗೆ ಬೇಕಿರುವುದು ಯಾವ ವರ್ಷದ ಹಳೇ ಪದ್ಧತಿ?

ಮಾನ್ಯ ಸಂಪಾದಕರೇ,

ಕಂಪ್ಯೂಟರ್‌ನ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ಮಾಡುವ ಇಂಟೆಲ್ ಕಂಪನಿ ಬಗ್ಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದಿದ್ದ ಲೇಖನ ಓದಿದೆ. ಅದರ ಹಳೇ ಸಿಇಒ ಆ್ಯಂಡಿ ಗ್ರೋವ್ ಕಾಲದ ಬಿಗಿ ವಾಪಸ್ ಬಂದರೆ ಕಂಪನಿ ಮತ್ತೆ ಎದ್ದು ನಿಲ್ಲುತ್ತದೆ ಅನ್ನುವುದು ಲೇಖಕರ ವಾದ. ಓದಲು ಚೆನ್ನಾಗಿದೆ, ಒಪ್ಪುವುದು ಕಷ್ಟ. ನಾನು ಹಾಸನದ ಬಿ.ಎಂ. ರಸ್ತೆ ಪಕ್ಕದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು. ಇಂಟೆಲ್‌ನ ಪೆಂಟಿಯಮ್ ಚಿಪ್ ಕಾಲದಿಂದ ಜನರಿಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದೇನೆ. ಅಮೆರಿಕದ ಕಂಪನಿ ಒಳಗೆ ನಡೆಯುವುದು ಹಾಸನದವನಿಗೆ ಏನು ಗೊತ್ತು ಎಂದು ನೀವು ಕೇಳಬಹುದು. ಒಳಗಿನದು ನನಗೂ ಓದಿ ತಿಳಿದಷ್ಟೇ. ಆದರೆ ಗಿರಾಕಿ ಬಂದು ಕೌಂಟರ್ ಮೇಲೆ ಕೈ ಇಟ್ಟು ಏನು ಕೇಳುತ್ತಾನೆ ಅನ್ನುವುದು ಲೇಖಕರಿಗಿಂತ ನನಗೆ ಸ್ವಲ್ಪ ಜಾಸ್ತಿ ಗೊತ್ತು.

ಮೊದಲು ಒಂದು ಸಣ್ಣ ತಿದ್ದುಪಡಿ. ಲೇಖನದಲ್ಲಿ ಗ್ರೋವ್ ಅವರನ್ನು ಸ್ಥಾಪಕರು ಎಂದು ಬರೆದಿದ್ದೀರಿ. 1968ರಲ್ಲಿ ಇಂಟೆಲ್ ಕಟ್ಟಿದವರು ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್. ಗ್ರೋವ್ ಶುರುವಿನಿಂದಲೂ ಜೊತೆಗಿದ್ದ ನೌಕರ. 1987ರಲ್ಲಿ ಸಿಇಒ ಆದರು, 1998ರವರೆಗೆ ಆ ಕುರ್ಚಿಯಲ್ಲಿದ್ದರು.

ಇನ್ನು ವಿಷಯಕ್ಕೆ ಬರುತ್ತೇನೆ. ಹಳೇ ಪದ್ಧತಿ ವಾಪಸ್ ಬರಲಿ ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಹಳೇದು ಅಂದರೆ ಯಾವ ವರ್ಷದ್ದು? 1980ರ ಇಂಟೆಲ್ ಬೇರೆ, 1995ರ ಇಂಟೆಲ್ ಬೇರೆ. ಎರಡರಲ್ಲೂ ಗ್ರೋವ್ ಇದ್ದರು, ಎರಡರಲ್ಲೂ ಅವರ ಶಿಸ್ತು ಇತ್ತು. ಒಂದು ಕಾಲದಲ್ಲಿ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ ದಾಟಿ ಬಂದವರು ಬಾಗಿಲಲ್ಲಿ ‘ಲೇಟ್ ಲಿಸ್ಟ್’ಗೆ ಸಹಿ ಹಾಕಬೇಕಿತ್ತು. ಮೀಟಿಂಗ್‌ನಲ್ಲಿ ಯಾರು ಯಾರನ್ನು ಬೇಕಾದರೂ ಎದುರು ನಿಂತು ಪ್ರಶ್ನೆ ಮಾಡಬಹುದಿತ್ತು, ಧ್ವನಿ ಏರಿದರೂ ತಪ್ಪಿರಲಿಲ್ಲ. ದೊಡ್ಡವರಿಗೂ ಬೇರೆ ಕೋಣೆ ಇಲ್ಲ, ಗ್ರೋವ್ ಕೂಡ ಎಲ್ಲರ ಹಾಗೆ ಅಡ್ಡಪರದೆಯ ನಡುವೆ ಕೂರುತ್ತಿದ್ದರು. ಇದಿಷ್ಟನ್ನು ಲೇಖಕರು ಚೆನ್ನಾಗಿ ವರ್ಣಿಸಿದ್ದಾರೆ. ಎರಡು ಕಾಲಕ್ಕೂ ಇದ್ದ ವ್ಯತ್ಯಾಸ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ. 1980ರಲ್ಲಿ ಇಂಟೆಲ್ ಗಿರಾಕಿಯ ಬಾಗಿಲು ತಟ್ಟುತ್ತಿತ್ತು. 1995ಕ್ಕೆ ಗಿರಾಕಿಯೇ ಇಂಟೆಲ್ ಬಾಗಿಲಲ್ಲಿ ನಿಂತಿದ್ದ.

1979ರ ಕೊನೆಗೆ ಮೊಟೊರೊಲಾದ ಚಿಪ್ 68000 ಮುಂದೆ ಇಂಟೆಲ್‌ನ 8086 ಸೋಲುತ್ತಿತ್ತು. ಆಗ ಇಂಟೆಲ್‌ನವರು ‘ಆಪರೇಷನ್ ಕ್ರಷ್’ ಅಂತ ಶುರು ಮಾಡಿದರು. ಒಂದು ವರ್ಷದಲ್ಲಿ 2,000 ಕಡೆ ತಮ್ಮ ಚಿಪ್ಪನ್ನು ಒಪ್ಪಿಸಬೇಕು ಅನ್ನುವುದು ಗುರಿ. ಅದನ್ನು ದಾಟಿದರು. ಚಿಪ್ ಚೆನ್ನಾಗಿದೆ ಎಂದು ಹೊಗಳಿಕೊಂಡು ಅಲ್ಲ. ಕೈಪಿಡಿ, ಜೊತೆ ಚಿಪ್‌ಗಳು, ತರಬೇತಿ, ಮುಂದೆ ಏನು ಬರುತ್ತದೆ ಅನ್ನುವ ಪಟ್ಟಿ, ತೊಂದರೆ ಆದರೆ ಯಾರು ಬರುತ್ತಾರೆ ಅನ್ನುವ ಭರವಸೆ, ಇವನ್ನೆಲ್ಲ ಹಿಡಿದುಕೊಂಡು ಬಾಗಿಲು ಬಾಗಿಲಿಗೆ ಹೋದರು. ಹಾಗೆ ಹೋದ ಬಾಗಿಲುಗಳಲ್ಲಿ ದೊಡ್ಡ ಕಂಪ್ಯೂಟರ್ ಕಂಪನಿ ಐಬಿಎಂ ಕೂಡ ಒಂದು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇದ್ದದ್ದು ಇಂಟೆಲ್‌ನ 8088.

ಐಬಿಎಂ ಸುಮ್ನೆ ಕೊಂಡುಕೊಳ್ಳಲಿಲ್ಲ. ಒಂದೇ ಕಡೆಯಿಂದ ಮಾಲು ತಂದರೆ ನಾವು ಸಿಕ್ಕಿಹಾಕಿಕೊಳ್ಳುತ್ತೇವೆ, ಇದೇ ಚಿಪ್ ಮಾಡುವ ಇನ್ನೊಬ್ಬರು ಬೇಕು ಎಂದು ಪಟ್ಟು ಹಿಡಿಯಿತು. ಅದರಿಂದಲೇ ಎಎಂಡಿ ಅನ್ನುವ ಇನ್ನೊಂದು ಕಂಪನಿಗೆ ಆ ಚಿಪ್ ಮಾಡುವ ಹಕ್ಕು ಸಿಕ್ಕಿದ್ದು. ಇವತ್ತು ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಂಟೆಲ್ ಪಕ್ಕ ಎಎಂಡಿ ಡಬ್ಬ ಕೂತಿರುವುದಕ್ಕೆ ಒಬ್ಬ ಗಿರಾಕಿಯ ಹಟವೂ ಕಾರಣ. ಇನ್ನೂ ಒಂದು ಸಂಗತಿ ಇದೆ. ಆಗ ದುಡ್ಡಿಗೆ ಕೈ ಕಟ್ಟಿದ್ದ ಇಂಟೆಲ್‌ಗೆ ಐಬಿಎಂ 25 ಕೋಟಿ ಡಾಲರ್ ಕೊಟ್ಟು ಶೇ 12ರಷ್ಟು ಪಾಲು ತೆಗೆದುಕೊಂಡಿತು. 1982ರ ಕೊನೆಯಲ್ಲಿ ನಡೆದದ್ದು ಅದು. ಅಂದರೆ ಹಳೇ ಇಂಟೆಲ್ ಬರೀ ತನ್ನ ಶಿಸ್ತಿನಿಂದ ಬದುಕಿದ್ದಲ್ಲ. ಬೈದು, ಬಗ್ಗಿಸಿ, ಆಮೇಲೆ ದುಡ್ಡೂ ಹಾಕಿದ ಒಬ್ಬ ದೊಡ್ಡ ಗಿರಾಕಿ ಅದಕ್ಕೆ ಇದ್ದ.

1985ರಲ್ಲಿ 386 ಚಿಪ್ ಬಂತು. ಈ ಸಲ ಇಂಟೆಲ್ ಎಎಂಡಿಯಂಥ ಬೇರೆ ಚಿಪ್ ಕಂಪನಿಗೆ ಹಕ್ಕು ಕೊಡಲಿಲ್ಲ, ಒಂಟಿಯಾಗಿ ಮಾರುತ್ತೇವೆ ಎಂದಿತು. ವ್ಯಾಪಾರದ ಲೆಕ್ಕದಲ್ಲಿ ಅದ್ಭುತ ನಿರ್ಧಾರ, ಮುಂದಿನ ಎಷ್ಟೋ ವರ್ಷದ ಲಾಭ ಅಲ್ಲಿಂದ ಬಂತು. ಆದರೆ ಎದುರು ನಿಂತು ಹೀಗಲ್ಲ ಹಾಗೆ ಅನ್ನುವ ಗಿರಾಕಿಯ ಶಕ್ತಿಯೂ ಅಲ್ಲಿಂದಲೇ ಇಳಿಯಿತು.

ಅದೇ 1985ರಲ್ಲಿ ಮೆಮೊರಿ ಚಿಪ್ ಬಿಟ್ಟ ಕಥೆಯನ್ನು ಲೇಖಕರು ಹೇಳಿದ್ದಾರೆ. ನಮ್ಮನ್ನು ಕಿತ್ತುಹಾಕಿ ಹೊಸಬರನ್ನು ತಂದು ಕೂರಿಸಿದರೆ ಅವರು ಏನು ಮಾಡುತ್ತಾರೆ ಎಂದು ಗ್ರೋವ್ ಕೇಳಿದ್ದು, ಮೆಮೊರಿ ಬಿಡುತ್ತಾರೆ ಎಂದು ಮೂರ್ ಹೇಳಿದ್ದು, ಹಾಗಾದರೆ ನಾವೇ ಯಾಕೆ ಆ ಕೆಲಸ ಮಾಡಬಾರದು ಎಂದು ಇಬ್ಬರೂ ತೀರ್ಮಾನಿಸಿದ್ದು. ಒಳ್ಳೆಯ ಕಥೆಯೇ, ನಿಜವೂ ಹೌದು. ಅದರ ಇನ್ನೊಂದು ಅರ್ಧ ಯಾರಿಗೂ ನೆನಪಿರುವುದಿಲ್ಲ. ಒಂದು ವೇಫರ್‌ನಿಂದ (ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆ) ಯಾವ ಚಿಪ್ ಜಾಸ್ತಿ ಲಾಭ ತರುತ್ತದೋ ಅದಕ್ಕೆ ಮೊದಲು ಜಾಗ ಅನ್ನುವ ನಿಯಮ ಕಾರ್ಖಾನೆಯಲ್ಲಿ ಇತ್ತು. ಆ ನಿಯಮ ಹಿಡಿದು ನಡುಹಂತದ ಮ್ಯಾನೇಜರ್‌ಗಳು ಮೆಮೊರಿಯ ಜಾಗವನ್ನು ಆಗಲೇ ಪ್ರೊಸೆಸರ್‌ಗೆ ಬಿಟ್ಟುಕೊಡುತ್ತಾ ಬಂದಿದ್ದರು. ಮೇಲಿನವರು ಬೇಸರದಿಂದ ಒಪ್ಪಿಕೊಳ್ಳುವ ಹೊತ್ತಿಗೆ ಕೆಳಗಿನವರು ಅರ್ಧ ಕೆಲಸ ಮುಗಿಸಿದ್ದರು. ಕೆಳಗಿನವರ ಲೆಕ್ಕ ಮೇಲಿನವರ ಹೆಮ್ಮೆಗಿಂತ ಮುಂದೆ ಹೋಗಬಹುದಿತ್ತು. ಅದನ್ನು ವಾಪಸ್ ತರುತ್ತೇವೆ ಎಂದರೆ ನಾನೂ ಕೈ ಎತ್ತುತ್ತೇನೆ. ಲೇಟ್ ಲಿಸ್ಟ್ ತರುತ್ತೇವೆ ಎಂದರೆ ಇಲ್ಲ.

ಈ ಲೇಟ್ ಲಿಸ್ಟ್ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಎಂದು ಹೇಳಬೇಕು. ಅಂಗಡಿ ಹಾಕುವ ಮೊದಲು ಬೆಂಗಳೂರಿನ ಒಂದು ಕಂಪ್ಯೂಟರ್ ಸರ್ವಿಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೆಸರು ಬೇಡ. ಕಟ್ಟಿದ ಯಜಮಾನರು ತುಂಬಾ ಕಟ್ಟುನಿಟ್ಟು, ಅವರ ಕಾಲದಲ್ಲಿ ಕಂಪನಿಗೆ ಒಳ್ಳೆ ಹೆಸರಿತ್ತು. ವ್ಯಾಪಾರ ಇಳಿದಾಗ ಅವರ ಮಗ ‘ಅಪ್ಪನ ಪದ್ಧತಿ’ ವಾಪಸ್ ತಂದರು. ಗೋಡೆ ಮೇಲೆ ದೊಡ್ಡ ಫೋಟೊ ಬಂತು, ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಬಂತು, ಟೈ ಬಂತು. ಆದರೆ ಅಪ್ಪನ ಕಾಲದಲ್ಲಿ ಸ್ಟೋರ್ ರೂಮಿನಲ್ಲಿ ಬಿಡಿಭಾಗ ತುಂಬಿರುತ್ತಿತ್ತು. ಗಿರಾಕಿ ಫೋನ್ ಮಾಡಿದ ಸಂಜೆಯೇ ನಾವು ಪಾರ್ಟ್ ಹಿಡಿದುಕೊಂಡು ಹೋಗುತ್ತಿದ್ದೆವು. ಮಗ ಆ ಸ್ಟಾಕ್ ದುಡ್ಡನ್ನು ಕತ್ತರಿಸಿದ್ದರು. ಹಾಗಾಗಿ ಎಂಟೂವರೆಗೆ ಸರಿಯಾಗಿ ಟೈ ಕಟ್ಟಿಕೊಂಡು ಬಂದು, ಗಿರಾಕಿಗೆ ಫೋನಿನಲ್ಲಿ ಪಾರ್ಟ್ ಇಲ್ಲ ಸಾರ್ ಎಂದು ಹೇಳುವುದೇ ನಮ್ಮ ಕೆಲಸ ಆಯಿತು. ಯಜಮಾನರ ಪದ್ಧತಿಯಲ್ಲಿ ಪುಕ್ಕಟೆ ಸಿಗುವುದಷ್ಟನ್ನೇ ವಾಪಸ್ ತಂದಿದ್ದರು. ದುಡ್ಡು ಬೇಡುವ ಭಾಗ ಬರಲೇ ಇಲ್ಲ.

ಇಂಟೆಲ್ ವಿಷಯದಲ್ಲಿ ಈ ಪ್ರಯೋಗ ಈಗಾಗಲೇ ಒಂದು ಸಲ ಆಗಿದೆ ಅನ್ನುವುದನ್ನು ಲೇಖಕರು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದಾರೆ. 2021ರ ಫೆಬ್ರುವರಿಯಲ್ಲಿ ಪ್ಯಾಟ್ ಗೆಲ್ಸಿಂಗರ್ ಸಿಇಒ ಆಗಿ ಬಂದರಲ್ಲ, ಅವರಿಗಿಂತ ಹಳೇ ಪದ್ಧತಿಯ ಮನುಷ್ಯ ಎಲ್ಲಿ ಸಿಗಬೇಕು? 18ನೇ ವಯಸ್ಸಿಗೆ 1979ರಲ್ಲಿ ಇಂಟೆಲ್ ಸೇರಿದವರು. 486 ಚಿಪ್ಪಿನ ಮುಖ್ಯ ವಿನ್ಯಾಸಕಾರರು. ಗ್ರೋವ್ ಕೈಯಲ್ಲೇ ಪಳಗಿದವರು. ಗ್ರೋವ್ ಕಾಲದ ಸಂಸ್ಕೃತಿ ವಾಪಸ್ ತರುತ್ತೇನೆ ಎಂದು ಬಾಯಿಬಿಟ್ಟು ಹೇಳಿಯೇ ಬಂದರು. ನಾಲ್ಕು ವರ್ಷದಲ್ಲಿ ಐದು ಹೊಸ ತಯಾರಿಕಾ ಹಂತ, ಅಂದರೆ ಚಿಪ್ ಮಾಡುವ ತಂತ್ರದ ಐದು ತಲೆಮಾರು, ತರುತ್ತೇನೆ ಎಂದು ಮಾತು ಕೊಟ್ಟರು. ಎಂಜಿನಿಯರ್‌ಗಳಿಗೆ ಖುಷಿ ಆಯಿತು. ನಿಜ ಹೇಳಬೇಕೆಂದರೆ ನನಗೂ ಖುಷಿ ಆಗಿತ್ತು, ಲೆಕ್ಕಪತ್ರದವರ ಕೈಯಿಂದ ಕಂಪನಿ ಮತ್ತೆ ಚಿಪ್ ಗೊತ್ತಿರುವವರ ಕೈಗೆ ಬಂತಲ್ಲ ಎಂದು.

ಆಮೇಲಿನದು ಎಲ್ಲರಿಗೂ ಗೊತ್ತು. 2024ರ ಆಗಸ್ಟ್‌ನಲ್ಲಿ ಸುಮಾರು 15,000 ಜನರನ್ನು ತೆಗೆಯುತ್ತೇವೆ, ಲಾಭಾಂಶ ಕೊಡುವುದಿಲ್ಲ ಎಂದರು. ಷೇರು ಒಂದೇ ದಿನ ಕಾಲು ಭಾಗ ಬಿತ್ತು. ನವೆಂಬರ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ಡೌ ಜೋನ್ಸ್ ಪಟ್ಟಿಯಿಂದ ಇಂಟೆಲ್ ಹೊರಬಿದ್ದು ಆ ಜಾಗಕ್ಕೆ ಎನ್ವಿಡಿಯಾ ಅನ್ನುವ ಇನ್ನೊಂದು ಚಿಪ್ ಕಂಪನಿ ಬಂತು. ಡಿಸೆಂಬರ್ ಶುರುವಿನಲ್ಲಿ ಗೆಲ್ಸಿಂಗರ್ ಹೋದರು. ಆ ವರ್ಷದ ನಷ್ಟ ಸುಮಾರು 1,880 ಕೋಟಿ ಡಾಲರ್. ತಪ್ಪೆಲ್ಲ ಅವರದ್ದೇ ಅನ್ನುವುದು ಅನ್ಯಾಯ. ಅವರು ಬರುವ ಮುಂಚೆಯೇ ಹಡಗಿಗೆ ತೂತಾಗಿತ್ತು. ಆದರೆ ಅವರು ವಾಪಸ್ ತಂದದ್ದು 1995ರ ಆತ್ಮವಿಶ್ವಾಸ. ನಾವು ಕಟ್ಟುತ್ತೇವೆ, ಗಿರಾಕಿ ಬಂದೇ ಬರುತ್ತಾನೆ ಎಂದು ಓಹಾಯೊ, ಜರ್ಮನಿ ಎಂದು ಕಾರ್ಖಾನೆ ಘೋಷಿಸಿದರು. ಗಿರಾಕಿ ಬರಲಿಲ್ಲ. ಜರ್ಮನಿಯದು 2025ರಲ್ಲಿ ರದ್ದಾಯಿತು, ಓಹಾಯೊದ್ದು ಮುಂದಕ್ಕೆ ಹೋಯಿತು. ಇನ್ನೊಂದು ಮಾತು ಅಂಗಡಿಯವನಾಗಿ ಹೇಳುತ್ತೇನೆ. ತೈವಾನ್ ಸ್ಥಿರವಾದ ಜಾಗವಲ್ಲ ಎಂದು ಅವರು 2021ರಲ್ಲಿ ವೇದಿಕೆ ಮೇಲೆ ಹೇಳಿದರು. ಸ್ವಂತ ಕಾರ್ಖಾನೆಯಲ್ಲಿ ಆಗದ್ದನ್ನು, ಬೇರೆಯವರ ಚಿಪ್ ಮಾಡಿಕೊಡುವ ಅದೇ ತೈವಾನ್‌ನ ಟಿಎಸ್‌ಎಂಸಿಯಲ್ಲಿ ಮಾಡಿಸುವ ಯೋಜನೆ ಇಟ್ಟುಕೊಂಡೇ ಹೇಳಿದ ಮಾತು ಅದು. ಸಾಲಕ್ಕೆ ಮಾಲು ಕೊಡುವವನ ಬಗ್ಗೆ ಸಂತೆಪೇಟೆಯಲ್ಲಿ ನಿಂತು ಯಾರಾದರೂ ಹೀಗೆ ಮಾತಾಡುತ್ತಾರಾ?

1995ರ ಹೆಮ್ಮೆ ಹೇಗಿತ್ತು ಎಂದು ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋದರೆ ಸಾಕು. 1994ರಲ್ಲಿ ಪೆಂಟಿಯಮ್ ಚಿಪ್ಪಿನಲ್ಲಿ ಭಾಗಾಕಾರದ ತಪ್ಪು ಸಿಕ್ಕಿತು. ಕಂಡುಹಿಡಿದವರು ಥಾಮಸ್ ನೈಸ್ಲಿ ಅನ್ನುವ ಗಣಿತದ ಪ್ರಾಧ್ಯಾಪಕರು. ಇದು ಸಾಮಾನ್ಯ ಜನಕ್ಕೆ ತಾಗುವುದಿಲ್ಲ, ನಿಮಗೆ ನಿಜವಾಗಿ ತೊಂದರೆ ಆಗುತ್ತದೆ ಎಂದು ತೋರಿಸಿದರೆ ಬದಲಿಸಿ ಕೊಡುತ್ತೇವೆ ಎಂದು ಇಂಟೆಲ್ ಹೇಳಿತು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ದುಡ್ಡು ಕೊಟ್ಟವನ ಹತ್ತಿರವೇ ಪುರಾವೆ ಕೇಳುವುದಾ? ಐಬಿಎಂ ಆ ಚಿಪ್ ಇರುವ ಪಿಸಿ ಕಳಿಸುವುದನ್ನೇ ನಿಲ್ಲಿಸಿತು. ಕೊನೆಗೆ ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಬದಲಿಸಿ ಕೊಡಲು ಒಪ್ಪಿದರು. 47.5 ಕೋಟಿ ಡಾಲರ್ ಹೋಯಿತು. ಎದುರೆದುರು ವಾದ ಮಾಡುವ ಪ್ರಸಿದ್ಧ ಪದ್ಧತಿ ಆಗ ಪೂರ್ತಿ ಜಾರಿಯಲ್ಲಿತ್ತು, ಗ್ರೋವ್ ಸ್ವತಃ ಸಿಇಒ ಆಗಿದ್ದರು. ಒಳಗೆ ಎಷ್ಟೇ ಜೋರಾಗಿ ವಾದ ಮಾಡಿದರೂ ಹೊರಗಿನವನ ಮಾತು ಒಳಗೆ ಹೋಗದಿದ್ದರೆ ಹೀಗೇ ಆಗುವುದು.

ನಮ್ಮ ಕೌಂಟರ್‌ನಲ್ಲೂ ಇದೇ ಗೊತ್ತಾಗುತ್ತಿತ್ತು. ಸಾಮಾನ್ಯ ಡೆಸ್ಕ್‌ಟಾಪ್‌ಗೆ ನಾಲ್ಕು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಎಂದು 2007ರ ಹೊತ್ತಿಗೆ ಬಂದದ್ದು 2017ರವರೆಗೂ ನಾಲ್ಕೇ ಆಗಿ ಉಳಿಯಿತು. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ ಹುಡುಗರು ಇನ್ನೂ ಜಾಸ್ತಿ ಕೋರ್ ಇರುವುದು ಇಲ್ವಾ ಅಣ್ಣ ಎಂದು ಕೇಳುತ್ತಲೇ ಇದ್ದರು. 2017ರ ಮಾರ್ಚ್‌ನಲ್ಲಿ ಎಎಂಡಿ ರೈಜೆನ್ ಎಂಟು ಕೋರ್ ತಂದಿತು. ಅದೇ ವರ್ಷದ ಕೊನೆಗೆ ಇಂಟೆಲ್ ಕೂಡ ಆರು ಕೋರ್ ಕೊಟ್ಟಿತು. ಅದರ ಹೆಸರು ‘ಕಾಫಿ ಲೇಕ್’. ಸಕಲೇಶಪುರದ ತೋಟದವರೊಬ್ಬರು ಹೆಸರು ಕೇಳಿಯೇ ನಮ್ಮ ಕಡೆಯದ್ದಾ ಎಂದು ನಕ್ಕು ಕೊಂಡುಹೋದರು, ಅದು ಬೇರೆ ಮಾತು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಆಲೂಗೆಡ್ಡೆ ಮಂಡಿಯವರಿಗೆ ಈ ಕೋರ್ ಲೆಕ್ಕ ಬೇಕಿಲ್ಲ. ಅವರು ಈಗಲೂ ಇಂಟೆಲ್ ಹಾಕಿಕೊಡಿ ಅನ್ನುತ್ತಾರೆ. ಸ್ಟುಡಿಯೊ ಹುಡುಗರು ಮಾತ್ರ ಆಮೇಲೆ ವಾಪಸ್ ಬಂದದ್ದು ಕಡಿಮೆ. ಗಮನಿಸಿ, ಕೋರ್ ಜಾಸ್ತಿ ಮಾಡಲು ಇಂಟೆಲ್‌ಗೆ ಬರುತ್ತಿರಲಿಲ್ಲ ಎಂದಲ್ಲ. ಸರ್ವರ್ ಚಿಪ್‌ಗಳಲ್ಲಿ ಜಾಸ್ತಿ ಇತ್ತು. ಕೇಳುವವರ ಮಾತು ಕೇಳುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ.

ಈಗಿನ ಕಷ್ಟದ ಮೂಲ ಇಲ್ಲಿದೆ. ಇಂಟೆಲ್ ಈಗ ಮಾಡಲು ಹೊರಟಿರುವುದು ಹೊಸ ವ್ಯಾಪಾರ. ಬೇರೆಯವರು ವಿನ್ಯಾಸ ಮಾಡಿದ ಚಿಪ್ಪನ್ನು ತನ್ನ ಕಾರ್ಖಾನೆಯಲ್ಲಿ ತಯಾರಿಸಿ ಕೊಡುವುದು, ಅದಕ್ಕೆ ಫೌಂಡ್ರಿ ಅನ್ನುತ್ತಾರೆ. ನನ್ನ ತಂಗಿ ಮಗ ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕೆಲಸದಲ್ಲಿದ್ದಾನೆ. ಅವನು ಹೇಳಿದ್ದು ಇದು. ಮಾವ, ನಮಗೆ ಕಾರ್ಖಾನೆಯವರು ಪಿಡಿಕೆ ಅಂತ ಒಂದು ಕಿಟ್ ಕೊಡಬೇಕು. ಆ ಕಾರ್ಖಾನೆಯಲ್ಲಿ ಗೆರೆ ಎಷ್ಟು ತೆಳ್ಳಗೆ ಬರುತ್ತದೆ, ಟ್ರಾನ್ಸಿಸ್ಟರ್ ಹೇಗೆ ನಡೆದುಕೊಳ್ಳುತ್ತದೆ, ಯಾವ ನಿಯಮ ಮೀರಬಾರದು, ಎಲ್ಲ ಅದರಲ್ಲಿರುತ್ತದೆ. ಎಲ್ಲರೂ ಬಳಸುವ ಸಾಫ್ಟ್‌ವೇರ್‌ನಲ್ಲಿ ಅದು ಸಲೀಸಾಗಿ ಓಡಬೇಕು. ನಡುರಾತ್ರಿ ಏನಾದರೂ ಕೈಕೊಟ್ಟರೆ ಉತ್ತರ ಕೊಡಲು ಜನ ಬೇಕು. ಇಂಟೆಲ್ ದಶಕಗಟ್ಟಲೆ ತನಗಾಗಿ ತಾನೇ ಚಿಪ್ ಮಾಡಿಕೊಂಡ ಕಂಪನಿ. ಅದರ ಉಪಕರಣ, ಅದರ ನಿಯಮ, ಅದರ ಪರಿಭಾಷೆ ಎಲ್ಲ ಮನೆಯೊಳಗಿನದು. ಹೊರಗಿನವನಿಗೆ ಅರ್ಥವಾಗುವ ಹಾಗೆ ಬರೆದಿಡುವ ಅಭ್ಯಾಸವೇ ಇರಲಿಲ್ಲ. ಗೆಲ್ಸಿಂಗರ್‌ಗಿಂತ ಮೊದಲು, 2010ರ ದಶಕದಲ್ಲೂ ಒಮ್ಮೆ ಫೌಂಡ್ರಿ ಮಾಡಲು ಹೋಗಿ ಬಿಟ್ಟಿದ್ದರು.

ಟಿಎಸ್‌ಎಂಸಿ ಹೇಗೆ ಕಲಿಯಿತು ಗೊತ್ತಾ? ಮಾರಿಸ್ ಚಾಂಗ್ 1987ರಲ್ಲಿ ಆ ಕಂಪನಿ ಕಟ್ಟಿದರು. ಸ್ವಂತ ಹೆಸರಿನ ಚಿಪ್ ಮಾರುವುದಿಲ್ಲ, ಗಿರಾಕಿಗೆ ಎದುರಾಳಿ ಆಗುವುದಿಲ್ಲ ಅನ್ನುವುದು ಅದರ ತಳಹದಿ. ಶುರುವಿನಲ್ಲಿ ಯಾರೂ ನಂಬಲಿಲ್ಲ. ಆಗ ಗಿರಾಕಿಯಾಗಿ ಬಂದು ಕಾರ್ಖಾನೆ ತಪಾಸಣೆ ಮಾಡಿ, ಇದು ಸರಿ ಇಲ್ಲ, ಅದು ಸರಿ ಇಲ್ಲ ಎಂದು ಉದ್ದದ ಪಟ್ಟಿ ಕೊಟ್ಟವರು ಬೇರೆ ಯಾರೂ ಅಲ್ಲ, ಇಂಟೆಲ್‌ನವರು! ಟಿಎಸ್‌ಎಂಸಿಯವರು ಒಂದೊಂದಾಗಿ ತಿದ್ದಿಕೊಂಡು ಇಂಟೆಲ್‌ನ ಒಪ್ಪಿಗೆ ಪಡೆದರು. ಆ ಒಪ್ಪಿಗೆ ನೋಡಿ ಬೇರೆಯವರಿಗೂ ನಂಬಿಕೆ ಬಂತು. ಗಿರಾಕಿಯ ಬೈಗುಳದ ಪಟ್ಟಿಯನ್ನು ಆವತ್ತು ತೈವಾನ್‌ನವರು ಜೇಬಿನಲ್ಲಿಟ್ಟುಕೊಂಡರು. ಬೈದವರಿಗೆ ಮಾತ್ರ ತಮಗೂ ಇನ್ನೊಬ್ಬರು ಹಾಗೆ ಪಟ್ಟಿ ಕೊಡಬೇಕು ಎಂದು ಅನಿಸಲಿಲ್ಲ.

ನಮ್ಮ ಅಂಗಡಿ ಮುಂದೆ ಟೀ ಕುಡಿಯಲು ಬರುವ ಒಬ್ಬ ನಿವೃತ್ತ ಉಪನ್ಯಾಸಕರು ಇದನ್ನು ಒಪ್ಪುವುದಿಲ್ಲ. ಸಂಸ್ಕೃತಿ ಗಿಂಸ್ಕೃತಿ ಏನೂ ಇಲ್ಲ, ಇದು ಯಂತ್ರ ಮತ್ತು ದುಡ್ಡಿನ ಮಾತು ಅನ್ನುತ್ತಾರೆ. ಅವರ ಮಾತಲ್ಲಿ ತೂಕ ಇದೆ. ಅತಿ ತೆಳ್ಳಗಿನ ಗೆರೆ ಮೂಡಿಸುವ ಇಯುವಿ ಯಂತ್ರ ಮಾಡುವುದು ಜಗತ್ತಿನಲ್ಲಿ ಒಂದೇ ಕಂಪನಿ, ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್. ಅದಕ್ಕೆ 2012ರಲ್ಲಿ ದೊಡ್ಡ ದುಡ್ಡು ಹಾಕಿದ್ದು ಇಂಟೆಲ್. ಆ ಯಂತ್ರದಿಂದ ಮೊದಲು ಮಾಲು ತೆಗೆದವರು 2019ರ ಹೊತ್ತಿಗೆ ಟಿಎಸ್‌ಎಂಸಿ ಮತ್ತು ಸ್ಯಾಮ್‌ಸಂಗ್. ಇಂಟೆಲ್ ಅದರಿಂದ ಚಿಪ್ ಮಾರಿದ್ದು 2023ರಲ್ಲಿ. ಅಷ್ಟು ಹೊತ್ತು ಹಳೇ ಯಂತ್ರದಲ್ಲೇ 10 ನ್ಯಾನೋಮೀಟರ್ ಅನ್ನುವ ಹೊಸ ತಯಾರಿಕಾ ಹಂತ ಎಳೆಯಲು ಹೋಗಿ ವರ್ಷಗಟ್ಟಲೆ ತಡವಾಯಿತು. ಡೆಸ್ಕ್‌ಟಾಪ್‌ಗಳಲ್ಲಂತೂ 2015ರಿಂದ 2021ರವರೆಗೆ ಅದೇ ಹಳೇ 14 ನ್ಯಾನೋಮೀಟರ್ ಹಂತ. ಆರನೇ ತಲೆಮಾರು, ಏಳನೇ ತಲೆಮಾರು ಎಂದು ಹನ್ನೊಂದರವರೆಗೆ ಡಬ್ಬದ ಮೇಲಿನ ನಂಬರ್ ಬದಲಾಗುತ್ತಿತ್ತು. ಆ ನಡುವೆಯೇ, 2019ರ ಅಕ್ಟೋಬರ್‌ನಲ್ಲಿ, 2,000 ಕೋಟಿ ಡಾಲರ್ ಕೊಟ್ಟು ತನ್ನದೇ ಷೇರು ವಾಪಸ್ ಕೊಳ್ಳುತ್ತೇನೆ ಎಂದು ಘೋಷಿಸಿತು. ದುಡ್ಡಿತ್ತು, ಯಂತ್ರ ಸಿಗುವ ದಾರಿಯೂ ಇತ್ತು. ಉಪನ್ಯಾಸಕರಿಗೆ ನಾನು ಹೇಳುವುದು ಇಷ್ಟೇ. ಸಾರ್, ಎರಡೂ ಇದ್ದು ತಪ್ಪು ಕಡೆ ಖರ್ಚು ಮಾಡಿದರೆ ಅದಕ್ಕೆ ಯಂತ್ರವನ್ನು ದೂರಲಾಗುತ್ತಾ?

2025ರ ಮಾರ್ಚ್‌ನಲ್ಲಿ ಬಂದ ಲಿಪ್-ಬು ಟ್ಯಾನ್ ಬಗ್ಗೆ ಲೇಖಕರಿಗೆ ಅಷ್ಟು ಭರವಸೆ ಇಲ್ಲ, ಅವರು ಒಳಗೆ ಬೆಳೆದವರಲ್ಲ ಎಂದು. ನನಗೆ ಅದೇ ಇಷ್ಟ ಆಗಿದ್ದು. ಅವರು ಕೇಡೆನ್ಸ್ ಕಂಪನಿ ನಡೆಸಿದವರು, ಅಂದರೆ ಚಿಪ್ ವಿನ್ಯಾಸ ಮಾಡುವವರಿಗೆ ಸಾಫ್ಟ್‌ವೇರ್ ಮಾರಿದವರು. ಗಿರಾಕಿಯ ಬೈಗುಳ ತಿಂದು ಗೊತ್ತಿರುವವರು. ಬಂದ ಕೂಡಲೇ ಗಿರಾಕಿಗಳ ಮುಂದೆ ನಿಂತು, ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿ ಎಂದು ಕೇಳಿಕೊಂಡರು. ಬೇಡಿಕೆ ಇಲ್ಲದೆ ಮೊದಲೇ ಕಾರ್ಖಾನೆ ಕಟ್ಟಿದ್ದು ತಪ್ಪು, ಇನ್ನು ಖಾಲಿ ಚೆಕ್ ಇಲ್ಲ, 14ಎ ಅನ್ನುವ ಮುಂದಿನ ತಯಾರಿಕಾ ಹಂತಕ್ಕೆ ಗಿರಾಕಿ ಖಚಿತವಾದರೆ ಮಾತ್ರ ದುಡ್ಡು ಹಾಕುತ್ತೇವೆ ಎಂದು ಹೇಳಿದರು. ಇದು 1980ರ ಭಾಷೆ. ಆದರೆ ಅದರ ಜೊತೆಗೇ ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬನ್ನಿ ಅನ್ನುವ ಆಜ್ಞೆಯೂ ಬಂತು. ಪತ್ರಿಕೆಗಳಲ್ಲಿ ಜಾಸ್ತಿ ಸುದ್ದಿ ಆದದ್ದು ಅದೇ. ಜನರನ್ನು ತೆಗೆಯುವ ಭರದಲ್ಲಿ, 1985ರಲ್ಲಿ ಮೇಲಿನವರಿಗಿಂತ ಮೊದಲೇ ಸರಿ ಲೆಕ್ಕ ಹಾಕಿದರಲ್ಲ, ಅಂಥ ನಡುಹಂತದವರೂ ಹೋಗಿಬಿಟ್ಟಿದ್ದರೆ? ಆ ಹೆದರಿಕೆ ನನಗಿದೆ.

ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಸುಮಾರು ಶೇ 10ರಷ್ಟು ಪಾಲು ತೆಗೆದುಕೊಂಡಿತು. ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಎಂದಿತು, ಎನ್ವಿಡಿಯಾ 500 ಕೋಟಿ ಡಾಲರ್ ಎಂದಿತು. ಷೇರು ಏರಿತು. ಹಳೇ ಇಂಟೆಲ್ ವಾಪಸ್ ಬಂತು ಎಂದು ಕೆಲವರು ಬರೆದೂ ಬಿಟ್ಟರು. 1982ರ ಐಬಿಎಂ ಹಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಐಬಿಎಂ ಮಾಲು ಕೊಳ್ಳುತ್ತಿದ್ದ ಗಿರಾಕಿ. ಸರ್ಕಾರ ಚಿಪ್ ಕೊಳ್ಳಲು ಬಂದಿದ್ದಲ್ಲ. ಎನ್ವಿಡಿಯಾ ದುಡ್ಡು ಹಾಕಿತು, ಜೊತೆಯಾಗಿ ಚಿಪ್ ಮಾಡುತ್ತೇವೆ ಎಂದಿತು. ಆದರೆ ತನ್ನ ಚಿಪ್ಪನ್ನು ಇಂಟೆಲ್ ಕಾರ್ಖಾನೆಯಲ್ಲಿ ಮಾಡಿಸುತ್ತೇನೆ ಎಂದು ಆ ಒಪ್ಪಂದದಲ್ಲಿ ಮಾತು ಕೊಡಲಿಲ್ಲ. ಪಾಲುದಾರ ಬೇರೆ, ಗಿರಾಕಿ ಬೇರೆ. ಅಂಗಡಿ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಹಾಸನದಲ್ಲಿ ಕೂತು ಬರೆಯುವುದಕ್ಕೆ ಕಾರಣವೂ ಇದೆ. ಇಲ್ಲಿನ ಎಂಜಿನಿಯರಿಂಗ್ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್ ಕೊಳ್ಳಲು ಬಂದಾಗ ಚಿಪ್ ವಿನ್ಯಾಸ ಕಲಿಸುವ ವಿಎಲ್‌ಎಸ್‌ಐ ವಿಷಯ ತೆಗೆದುಕೊಳ್ಳಲಾ ಅಂಕಲ್ ಎಂದು ನನ್ನನ್ನೂ ಕೇಳುತ್ತಾರೆ. ನಮ್ಮ ದೇಶದಲ್ಲೂ ಗುಜರಾತಿನ ಧೊಲೇರಾದಲ್ಲಿ ಟಾಟಾದವರು ತೈವಾನ್‌ನ ಪಿಎಸ್‌ಎಂಸಿ ಜೊತೆ ಫ್ಯಾಬ್, ಅಂದರೆ ಚಿಪ್ ಕಾರ್ಖಾನೆ, ಕಟ್ಟುತ್ತಿದ್ದಾರೆ. ಅದೂ ಬೇರೆಯವರಿಗೆ ಚಿಪ್ ಮಾಡಿಕೊಡುವ ಫೌಂಡ್ರಿಯೇ. ಹಾಗಾಗಿ ಇಂಟೆಲ್ ಯಾಕೆ ಎಡವಿತು ಅನ್ನುವುದು ಈ ಮಕ್ಕಳಿಗೆ ದೂರದ ಸುದ್ದಿ ಅಲ್ಲ.

ನಿಮ್ಮ ಲೇಖಕರಿಗೆ ಒಂದು ವಿನಂತಿ ತಲುಪಿಸಿ. ಮುಂದಿನ ಸಲ ಇಂಟೆಲ್ ಬಗ್ಗೆ ಬರೆಯುವಾಗ ಸಿಇಒ ಎಷ್ಟು ಗಂಟೆಗೆ ಆಫೀಸಿಗೆ ಬರುತ್ತಾರೆ, ಎಷ್ಟು ಹಂತದ ಮ್ಯಾನೇಜರ್‌ಗಳನ್ನು ತೆಗೆದರು ಅನ್ನುವುದನ್ನು ಬೇಕಿದ್ದರೆ ಕೊನೆಯ ಪ್ಯಾರಾಕ್ಕೆ ಇಟ್ಟುಕೊಳ್ಳಲಿ. ಮೊದಲ ಪ್ಯಾರಾದಲ್ಲಿ 14ಎಗೆ ಹೊರಗಿನ ದೊಡ್ಡ ಗಿರಾಕಿ ಯಾರು ಸಹಿ ಹಾಕಿದರು, ಎಷ್ಟು ಮಾಲಿಗೆ ಹಾಕಿದರು ಅನ್ನುವುದನ್ನು ಬರೆಯಲಿ.

ಇತಿ,
ಕಂಪ್ಯೂಟರ್ ಅಂಗಡಿಯವ, ಬಿ.ಎಂ. ರಸ್ತೆ, ಹಾಸನ